ಹೈಬ್ರಿಡ್ ಕಾರಿನ ಬ್ಯಾಟರಿ: ಕೊಳ್ಳುವ ದಿನ ಯಾರೂ ಕೇಳದ ಪ್ರಶ್ನೆ

ಗೊಬ್ಬರದ ದರಪಟ್ಟಿಯೋ ಕೊಳೆರೋಗದ ಔಷಧಿಯ ವಿಚಾರವೋ ಇರಬೇಕಾದ ಪುಟದಲ್ಲಿ ಕಾರಿನ ಬ್ಯಾಟರಿಯ ಮಾತು ಬಂದುದನ್ನು ಕಂಡು ಸದಸ್ಯ ಬಂಧುಗಳಲ್ಲಿ ಕೆಲವರಾದರೂ ಹುಬ್ಬೇರಿಸುವರೆಂದು ನಮಗೆ ಗೊತ್ತು. ಸಹಕಾರ ಸಂಘಕ್ಕೂ ಕಾರಿಗೂ ಏನು ಸಂಬಂಧ ಎಂದು ಕೇಳಿದರೆ ತಪ್ಪಿಲ್ಲ. ಆದರೆ ಕಳೆದ ಮಾರ್ಚಿಯಲ್ಲಿ ಕಾಫಿ ಜಮಾ ಮಾಡುವ ದಿನ ನಮ್ಮ ಗೋದಾಮಿನ ಅಂಗಳದಲ್ಲಿ ನಿಂತು ನೋಡಿದವರಿಗೆ ಈ ಪ್ರಶ್ನೆ ಏಳಲಾರದು. ಹಳೆಯ ಜೀಪುಗಳ ನಡುವೆ ಸದ್ದಿಲ್ಲದೆ ಬಂದು ನಿಲ್ಲುವ ಹೊಸ ಕಾರುಗಳು ಒಂದಲ್ಲ, ಎರಡಲ್ಲ. 2024ರಲ್ಲಿ ಮತ್ತು 2025ರ ಮೊದಲ ತಿಂಗಳುಗಳಲ್ಲಿ ರೋಬಸ್ಟಾಕ್ಕೆ ಹಿಂದೆಂದೂ ಕಾಣದ ದರ ಬಂತು. ಸಾಲ ತೀರಿಸಿದವರು ತೀರಿಸಿದರು, ಮನೆ ಕಟ್ಟಿದವರು ಕಟ್ಟಿದರು, ಕೆಲವರು ಕಾರು ಕೊಂಡರು. ಕೊಂಡವರಲ್ಲಿ ಅನೇಕರು ಪೆಟ್ರೋಲಿನ ಉಳಿತಾಯ ನೋಡಿ ಹೈಬ್ರಿಡ್ ಕಾರನ್ನೇ ಕೊಂಡರು. ಬೆಳೆಗಾರ ಕಾರು ಕೊಳ್ಳಬಾರದೆಂದು ಹೇಳುವ ಜಾತಿಯ ಸಂಪಾದಕರು ನಾವಲ್ಲ. ಹತ್ತು ವರ್ಷ ಮಳೆಯಲ್ಲಿ ನೆನೆದವನು ಒಂದು ವರ್ಷ ಬೆಚ್ಚಗೆ ಕುಳಿತು ಹೋದರೆ ಯಾರಿಗೂ ನಷ್ಟವಿಲ್ಲ.

ನಮ್ಮ ಆತಂಕ ಬೇರೆ. ಆ ಕಾರಿನೊಳಗೆ ಕಣ್ಣಿಗೆ ಬೀಳದ ಒಂದು ಪೆಟ್ಟಿಗೆಯಿದೆ. ಅದು ಎಲ್ಲಿಂದ ಬರುತ್ತದೆ, ಎಷ್ಟು ದಿನಕ್ಕೆ ಬರುತ್ತದೆ, ಯಾರು ತಂದುಕೊಡುತ್ತಾರೆ, ಹಳೆಯದನ್ನು ಯಾರು ಒಯ್ಯುತ್ತಾರೆ ಎಂಬುದನ್ನು ಕೊಳ್ಳುವ ದಿನ ಕೇಳಿದ ಒಬ್ಬ ಸದಸ್ಯರನ್ನೂ ನಾವು ಕಾಣೆವು. ಕೇಳದೆ ಹೋದುದರ ಫಲವನ್ನು ನಮ್ಮಲ್ಲೊಬ್ಬರು ಸುಮಾರು ಒಂದು ವರ್ಷ ಅನುಭವಿಸಿದರು. ಅವರ ಒಪ್ಪಿಗೆ ಪಡೆದು, ಹೆಸರು ಹೇಳದೆ, ಆ ಸಂಗತಿಯನ್ನು ಇಲ್ಲಿ ಬರೆಯುತ್ತಿದ್ದೇವೆ. ಕಾರಿನ ಕಂಪನಿಯ ಹೆಸರು ಇಲ್ಲಿ ಅಪ್ರಸ್ತುತ.

ಅವರು ಮೂಡಿಗೆರೆ ಕಡೆಯವರು. ಎಂಟು ಎಕರೆ ರೋಬಸ್ಟಾ, ಒಂದೂವರೆ ಎಕರೆ ಅಡಿಕೆ. ತಂದೆಯವರನ್ನು ವಾರಕ್ಕೆ ಎರಡು ಸಲ ಡಯಾಲಿಸಿಸ್‌ಗಾಗಿ ಚಿಕ್ಕಮಗಳೂರಿಗೆ ಕರೆದೊಯ್ಯಬೇಕಾಗಿದ್ದರಿಂದ, ಕುಲುಕದ ಕಾರು ಬೇಕೆಂದು 2021ರಲ್ಲಿ ಬೆಂಗಳೂರಿನಿಂದ 2014ರ ಒಂದು ಹೈಬ್ರಿಡ್ ಸೆಡಾನನ್ನು ಸೆಕೆಂಡ್ ಹ್ಯಾಂಡ್ ತಂದರು. ಬೆಲೆ ಅಗ್ಗವಾಗಿತ್ತು. ಏಕೆ ಅಗ್ಗ ಎಂಬುದು ಆಗ ಹೊಳೆಯಲಿಲ್ಲ. ಮೂರು ವರ್ಷ ಒಂದು ಮಾತೂ ಹೇಳಿಸಿಕೊಳ್ಳದೆ ಓಡಿತು. 2024ರ ಜೂನ್ ಕೊನೆಯ ವಾರ, ಔಷಧಿ ಹೊಡೆಯಲು ಮೈಲುತುತ್ತ ತರಲು ಹೊರಟ ದಿನ, ಕೊಟ್ಟಿಗೆಹಾರದ ಹತ್ತಿರ ಮುಂದಿನ ಫಲಕದಲ್ಲಿ ದೀಪ ಹತ್ತಿತು. ಕಾರು ನಿಲ್ಲಲಿಲ್ಲ, ಆದರೆ ಏರಿನಲ್ಲಿ ಉಸಿರು ಹಿಡಿದಂತೆ ಆಡಿತು.

ಊರಿನ ಮೆಕ್ಯಾನಿಕ್ ಕಂಪ್ಯೂಟರು ಹಚ್ಚಿ ನೋಡಿದ. ಪಿ0ಎ80 ಎಂಬ ಸಂಕೇತ ಬಂತು. ಹೈಬ್ರಿಡ್ ಬ್ಯಾಟರಿ ಬದಲಾಯಿಸಬೇಕು ಎಂದು ಅದರ ಅರ್ಥ. ಆತ ಪ್ರಾಮಾಣಿಕ. "ಗೌಡ್ರೇ, ಇದು ನನ್ನ ಕೈಲಿ ಆಗೋದಲ್ಲ. ಆ ಕಿತ್ತಳೆ ಬಣ್ಣದ ವಯರು ಮುಟ್ಟಬೇಡಿ ಅಂತ ನಮ್ಮ ಹುಡುಗರಿಗೂ ಹೇಳಿದೀನಿ. ಕಂಪನಿಗೇ ತಗೊಂಡ್ಹೋಗಿ" ಎಂದುಬಿಟ್ಟ. ಅಷ್ಟು ಹೇಳುವ ಧೈರ್ಯ ಎಲ್ಲ ಮೆಕ್ಯಾನಿಕ್‌ಗಳಿಗೂ ಇರಲೆಂದು ನಾವು ಹಾರೈಸುತ್ತೇವೆ.

ಇಲ್ಲಿ ಆ ಪೆಟ್ಟಿಗೆಯ ವಿಚಾರ ನಾಲ್ಕು ಮಾತು ಹೇಳಬೇಕು. ಪೆಟ್ರೋಲ್ ಎಂಜಿನ್ನಿನ ಜೊತೆಗೆ ವಿದ್ಯುತ್ ಮೋಟಾರೂ ಇರುವ ಕಾರು ಹೈಬ್ರಿಡ್. ಇಳಿಜಾರಿನಲ್ಲಿ ಬ್ರೇಕು ಒತ್ತಿದಾಗ ವ್ಯರ್ಥವಾಗುವ ಶಕ್ತಿಯನ್ನು ಮೋಟಾರು ವಿದ್ಯುತ್ತಾಗಿಸಿ ಬ್ಯಾಟರಿಗೆ ತುಂಬುತ್ತದೆ, ಏರಿನಲ್ಲಿ ಅದನ್ನೇ ಹಿಂತಿರುಗಿಸುತ್ತದೆ. 1997ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಪ್ರಿಯಸ್ ಕಾರಿನಿಂದ ಈ ಏರ್ಪಾಟು ಜಗತ್ತಿಗೆ ಪರಿಚಯವಾಯಿತು. ಹಳೆಯ ಪ್ರಿಯಸ್‌ನ ಬ್ಯಾಟರಿಯಲ್ಲಿ 1.2 ವೋಲ್ಟಿನ 168 ಸೆಲ್ಲುಗಳಿದ್ದವು. ಆರಾರು ಸೆಲ್ಲು ಸೇರಿಸಿ ಒಂದು ಡಬ್ಬಿ, ಅಂಥ 28 ಡಬ್ಬಿಗಳು ಒಂದರ ಹಿಂದೊಂದು ಜೋಡಣೆ. ಎಲ್ಲ ಸೇರಿ 201.6 ವೋಲ್ಟ್. ಒಳಗಿರುವುದು ನಿಕಲ್ ಮೆಟಲ್ ಹೈಡ್ರೈಡ್. ಇತ್ತೀಚಿನ ಹಲವು ಹೈಬ್ರಿಡ್‌ಗಳಲ್ಲಿ ಲಿಥಿಯಂ ಬಂದಿದೆಯಾದರೂ ನಿಕಲ್ ಇನ್ನೂ ಹೋಗಿಲ್ಲ.

ಬೇಸಿಗೆಯಲ್ಲಿ ಹೂಮಳೆಗೆ ಕಾಯದೆ ಸ್ಪ್ರಿಂಕ್ಲರ್ ಹಾಕುವ ನಮಗೆ ಇದು ಅರ್ಥವಾಗದ ವಿಷಯವಲ್ಲ. ಪೈಪುಗಳನ್ನು ಸಾಲಾಗಿ ಜೋಡಿಸಿದ ಮೇಲೆ ಒಂದು ಪೈಪು ಒಳಗೆ ಕಟ್ಟಿಕೊಂಡರೆ ಸಾಕು, ಪಂಪು ಎಷ್ಟೇ ಹೊಸದಿರಲಿ, ಕೊನೆಯ ಜೆಟ್ಟಿಗೆ ನೀರು ಏರುವುದಿಲ್ಲ. ಬ್ಯಾಟರಿಯಲ್ಲಿಯೂ ಹಾಗೆಯೇ. ಸಾಲಿನಲ್ಲಿ ಒಂದು ಡಬ್ಬಿ ಸೊರಗಿದರೆ ಇಡೀ ಸಾಲು ಸೊರಗಿದಂತೆ. ವ್ಯತ್ಯಾಸವೆಂದರೆ, ಪೈಪನ್ನು ನಾವು ಕಳಚಿ ಬೇರೆ ಹಾಕುತ್ತೇವೆ. ಬ್ಯಾಟರಿಯ ವಿಷಯದಲ್ಲಿ ಡೀಲರು ಸಾಲನ್ನೇ ಬದಲಿಸು ಎನ್ನುತ್ತಾನೆ. ಅವನ ಮಾತಿನಲ್ಲಿ ಸ್ವಲ್ಪ ನ್ಯಾಯವೂ ಉಂಟು: ಹತ್ತು ವರ್ಷದ ಸಾಲಿನಲ್ಲಿ ಒಂದು ಹೊಸ ಡಬ್ಬಿ ಸೇರಿಸಿದರೆ ಅದು ಉಳಿದವುಗಳ ಜೊತೆ ಹೊಂದುವುದಿಲ್ಲ. ನಾಲ್ಕು ತಿಂಗಳಿಗೆ ಪಕ್ಕದ ಡಬ್ಬಿ ಮಲಗುತ್ತದೆ, ಮತ್ತೆ ಬಿಚ್ಚು, ಮತ್ತೆ ಮುಚ್ಚು. ಆದರೆ ಆ ಸ್ವಲ್ಪ ನ್ಯಾಯಕ್ಕೆ ಅವನು ಹಾಕುವ ಬೆಲೆ ಸ್ವಲ್ಪವಲ್ಲ.

ಸದಸ್ಯರ ಕಾರು ಹತ್ತು ದಿನ ಕೊಟ್ಟಿಗೆಯಲ್ಲಿ ನಿಂತಿತು. ಘಟ್ಟದ ಕೆಳಗಿನ ಡೀಲರಲ್ಲಿಗೆ ಒಯ್ಯಬೇಕಾಗಿತ್ತು. ಹಗ್ಗ ಕಟ್ಟಿ ಎಳೆಯುವಂತಿಲ್ಲ. ಮುಂದಿನ ಚಕ್ರ ನೆಲದ ಮೇಲೆ ತಿರುಗಿದರೆ ಅದರೊಡನೆ ಮೋಟಾರೂ ತಿರುಗಿ ವಿದ್ಯುತ್ ಹುಟ್ಟಿ ಹಾನಿಯಾಗುತ್ತದೆ. ಹೀಗಾಗಿ ಇಡೀ ಕಾರನ್ನು ಬೆನ್ನ ಮೇಲೆ ಹೊರುವ ಲಾರಿಯೇ ಬೇಕು. ಲಾರಿ ಸಿಕ್ಕಿದಾಗ ಘಟ್ಟದಲ್ಲಿ ಮಣ್ಣು ಕುಸಿದಿತ್ತು. ಮಣ್ಣು ತೆಗೆದಾಗ ಲಾರಿ ಬೇರೆ ಬಾಡಿಗೆಗೆ ಹೋಗಿತ್ತು. ಅಂತೂ ತಲುಪಿದ ಮೇಲೆ ಡೀಲರು ಕೊಟ್ಟ ಅಂದಾಜುಪಟ್ಟಿಯನ್ನು ನಾವು ಕಣ್ಣಾರೆ ನೋಡಿದ್ದೇವೆ. ಆ ಮೊತ್ತಕ್ಕೆ ಒಂದು ಪವರ್ ಟಿಲ್ಲರೂ ಎರಡು ಕಳೆ ಕೊಚ್ಚುವ ಯಂತ್ರಗಳೂ ಬಂದು ಚಿಲ್ಲರೆ ಉಳಿಯುತ್ತಿತ್ತು. ಪೂರ್ತಿ ಹಣ ಮುಂಗಡ. ಬ್ಯಾಟರಿ ದಾಸ್ತಾನಿಲ್ಲ. ಎಂದು ಬರುತ್ತದೆಂದು ಬರೆದುಕೊಡಲಾಗದು. ನಮ್ಮ ಸದಸ್ಯರು ಕೇಳಿದ್ದು ಒಂದೇ ಪ್ರಶ್ನೆ: "ಅಲ್ಲ ಸ್ವಾಮಿ, ಹಣ ಈವತ್ತು ಬೇಕು ಅಂತೀರಿ, ಸಾಮಾನು ಎಂದು ಅಂತ ಹೇಳೋದಿಲ್ಲ ಅಂತೀರಿ. ನಮ್ಮ ಕಾಫಿ ನಾವು ಹೀಗೆ ಮಾರಿದ್ರೆ ನೀವು ಕೊಳ್ತಿದ್ರಾ?" ಉತ್ತರ ಬರಲಿಲ್ಲ. ಕಾಫಿ ಬಂತು, ಕುಡಿದು ಎದ್ದರು.

ತಂದೆಯವರ ಡಯಾಲಿಸಿಸ್ ನಿಲ್ಲುವಂತಿಲ್ಲವಲ್ಲ. ವಾರಕ್ಕೆ ಎರಡು ದಿನ ಬಾಡಿಗೆ ಕಾರು. ಅದೂ ಮಳೆಗಾಲ, ಅದೂ ಬೆಳಿಗ್ಗೆ ಆರಕ್ಕೆ. ಬಾಡಿಗೆಯವನು ಬಾರದ ದಿನ ಪಕ್ಕದ ಮನೆಯವರ ಜೀಪು. ಈ ಖರ್ಚು ಯಾವ ಅಂದಾಜುಪಟ್ಟಿಯಲ್ಲಿಯೂ ಇರುವುದಿಲ್ಲ ಎಂಬುದನ್ನು ಓದುಗರು ಗಮನಿಸಬೇಕು.

ಅಷ್ಟರಲ್ಲಿ ಅಮೆರಿಕದಲ್ಲಿರುವ ಸೋದರಳಿಯನಿಗೆ ವಿಷಯ ತಿಳಿಯಿತು. "ಮಾವ, ಇಲ್ಲಿ ಇದೆಲ್ಲ ಪಾತ್ರೆ ಅಂಗಡಿ ಥರ. ರಿಪೇರಿ ಮಾಡಿದ ಬ್ಯಾಟರಿನ ಮನೆ ಬಾಗಿಲಿಗೇ ತಂದು ಹಾಕಿಕೊಡ್ತಾರೆ. ನಾನು ಕಳಿಸ್ತೀನಿ" ಎಂದ. ಆತ ಸುಳ್ಳು ಹೇಳಲಿಲ್ಲ. ಆ ದೇಶದಲ್ಲಿ ಹಳೆಯ ಹೈಬ್ರಿಡ್‌ಗಳು ಲಕ್ಷಗಟ್ಟಲೆ ಇರುವುದರಿಂದ ಬ್ಯಾಟರಿ ಬಿಚ್ಚಿ, ಸೊರಗಿದ ಡಬ್ಬಿ ತೆಗೆದು, ಉಳಿದವನ್ನು ಅಳೆದು ಹೊಂದಿಸಿ ಮಾರುವುದೇ ಒಂದು ವ್ಯಾಪಾರವಾಗಿದೆ. ಬೆಲೆ ನಮ್ಮ ಡೀಲರು ಹೇಳಿದ್ದಕ್ಕಿಂತ ಎಷ್ಟೋ ಕಡಿಮೆ. ಆದರೆ ಅಲ್ಲಿ ಆ ಬೆಲೆ ನಿಂತಿರುವುದು ಹಳೆಯ ಪೆಟ್ಟಿಗೆಯನ್ನು ಹಿಂತಿರುಗಿಸುವ ಷರತ್ತಿನ ಮೇಲೆ. ಹಿಂತಿರುಗಿಸದಿದ್ದರೆ ಠೇವಣಿ ಮುಳುಗಿತು. ಮೂಡಿಗೆರೆಯಿಂದ ಅಮೆರಿಕಕ್ಕೆ ಸತ್ತ ಬ್ಯಾಟರಿ ಕಳಿಸುವ ಬುದ್ಧಿವಂತನನ್ನು ನಾವಿನ್ನೂ ಕಂಡಿಲ್ಲ.

ಸಾಗಣೆಯ ಕಷ್ಟ ಗೊತ್ತಾದದ್ದು ಆಮೇಲೆ. ಸೋದರಳಿಯ ಮೊದಲು ಊರಿಗೆ ಬರುವಾಗ ಪೆಟ್ಟಿಗೆಯಲ್ಲಿ ತರುವ ಆಲೋಚನೆ ಮಾಡಿದ. ನಲವತ್ತು ಕಿಲೋ ತೂಗುವ, ಇನ್ನೂರು ವೋಲ್ಟಿನ ವಸ್ತುವನ್ನು ಪ್ರಯಾಣಿಕರ ಸಾಮಾನಿನಲ್ಲಿ ಯಾವ ವಿಮಾನ ಸಂಸ್ಥೆಯೂ ಒಪ್ಪಲಿಲ್ಲ. ಸರಿ, ಸರಕು ಎಂದು ಕಳಿಸೋಣವೆಂದರೆ ಬ್ಯಾಟರಿಯ ಜಾತಿ ಕೇಳುತ್ತಾರೆ. ನಿಕಲ್ ಬ್ಯಾಟರಿಗೆ ವಿಮಾನದಲ್ಲಿ ನಿಯಮ ಸಡಿಲ. ತುದಿಗಳು ಒಂದಕ್ಕೊಂದು ತಾಗಿ ಕಿಡಿ ಹಾರದಂತೆ ಕಟ್ಟಿದ್ದರೆ ಸಾಕು. ಹಡಗಿನಲ್ಲಿಯಾದರೆ ಒಂದು ಕಂಟೇನರಿನಲ್ಲಿ ಇಂಥ ಬ್ಯಾಟರಿಗಳ ಒಟ್ಟು ತೂಕ 100 ಕಿಲೋ ಮುಟ್ಟಿದ ಕೂಡಲೇ ಅದು ಅಪಾಯಕಾರಿ ಸರಕಿನ ಒಂಬತ್ತನೆಯ ವರ್ಗಕ್ಕೆ ಸೇರಿ ಯುಎನ್ 3496 ಎಂಬ ಸಂಖ್ಯೆ ಬೀಳುತ್ತದೆ. ಲಿಥಿಯಂ ಆದರಂತೂ ಕಟ್ಟುನಿಟ್ಟು. ಯುಎನ್ 3480 ಎಂಬ ಸಂಖ್ಯೆ ಹೊತ್ತ ಬಿಡಿ ಲಿಥಿಯಂ ಬ್ಯಾಟರಿಗಳನ್ನು 2016ರ ಏಪ್ರಿಲ್ 1ರಿಂದ ಪ್ರಯಾಣಿಕ ವಿಮಾನದಲ್ಲಿ ಸರಕಾಗಿ ಒಯ್ಯುವುದೇ ನಿಷಿದ್ಧ. ಸರಕು ವಿಮಾನದಲ್ಲಿಯೂ ಶೇಕಡಾ 30ಕ್ಕಿಂತ ಹೆಚ್ಚು ಚಾರ್ಜ್ ಇರಬಾರದು. ಜಖಂಗೊಂಡದ್ದಾದರೆ ವಿಮಾನ ಹತ್ತಿಸುವ ಮಾತೇ ಇಲ್ಲ.

ಹೀಗೆ ನಿಯಮವೇನೋ ನಮ್ಮ ಸದಸ್ಯರ ನಿಕಲ್ ಬ್ಯಾಟರಿಗೆ ದಾರಿ ಬಿಟ್ಟಿತ್ತು. ಆದರೆ ಸಾಗಣೆ ಏಜೆಂಟರು ನಿಯಮದ ಸೂಕ್ಷ್ಮ ನೋಡುವುದಿಲ್ಲ, ಕಾರಿನ ಬ್ಯಾಟರಿ ಎಂಬ ಶಬ್ದ ಕೇಳಿಯೇ ಫೋನು ಇಡುತ್ತಾರೆ. ಒಪ್ಪಿದ ಒಬ್ಬನು ಕೇಳಿದ ಬಾಡಿಗೆ ಬ್ಯಾಟರಿಯ ಬೆಲೆಯನ್ನೇ ಮುಟ್ಟುತ್ತಿತ್ತು. ಅದರ ಮೇಲೆ ನಮ್ಮ ಬಂದರಿನ ಸುಂಕ. ಅದರ ಮೇಲೆ ಇನ್ನೊಂದು: 2022ರ ಆಗಸ್ಟಿನಲ್ಲಿ ಜಾರಿಗೆ ಬಂದ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಬ್ಯಾಟರಿ ಆಮದು ಮಾಡಿ ಮಾರುವವನೂ ಉತ್ಪಾದಕನೆಂದೇ ಎಣಿಕೆ. ಆತ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ನೋಂದಾಯಿಸಿಕೊಂಡು, ಸವೆದ ಬ್ಯಾಟರಿಗಳನ್ನು ಹಿಂದಕ್ಕೆ ಪಡೆಯುವ ಹೊಣೆಯನ್ನೂ ಹೊರಬೇಕು. ಈ ನಿಯಮ ಒಳ್ಳೆಯದೆಂದೇ ನಮ್ಮ ಅಭಿಪ್ರಾಯ. ಹಳ್ಳದ ಬದಿಯಲ್ಲಿ ನಿಕಲ್ ಸುರಿಯುವುದು ಯಾರಿಗೂ ಬೇಡ. ಆದರೆ ಇದರಿಂದ ಒಂದೇ ಒಂದು ಬ್ಯಾಟರಿ ತರಿಸುವ ಸಣ್ಣವನಿಗೆ ಹೊರಗಿನ ಬಾಗಿಲು ಮುಚ್ಚಿತು, ಒಳಗಿನ ಬಾಗಿಲು ತೆರೆದಿಲ್ಲ. ಸೋದರಳಿಯ ಸುಮ್ಮನಾದ.

ಆಮೇಲೆ ನಡೆದದ್ದನ್ನು ಹೇಳಲು ನಮ್ಮ ಸದಸ್ಯರಿಗೇ ಸ್ವಲ್ಪ ಸಂಕೋಚ. ದೊಡ್ಡ ಪಟ್ಟಣವೊಂದರ ಗುಜರಿ ವ್ಯಾಪಾರಿಯಿಂದ, ಅಪಘಾತವಾದ ಕಾರಿನಿಂದ ಕಿತ್ತ ಬ್ಯಾಟರಿಯನ್ನು ಫೋನಿನಲ್ಲಿ ಮಾತಾಡಿಯೇ ಕೊಂಡರು. "ಒಂದು ವರ್ಷ ಗ್ಯಾರಂಟಿ ಅಣ್ಣ, ನನ್ನ ಮಾತು" ಎಂದ ವ್ಯಾಪಾರಿ. ಬಿಲ್ಲಿಲ್ಲ. ಲಾರಿ ಪಾರ್ಸಲ್ಲಿನ ರಸೀತಿಯಲ್ಲಿ ಮೋಟಾರು ಬಿಡಿಭಾಗ ಎಂದಷ್ಟೇ ಬರೆದಿತ್ತು. ಪಾರ್ಸಲ್ ಆಫೀಸಿನಲ್ಲಿ ಇಳಿಸುವಾಗ ನಾವೂ ಜೊತೆಗಿದ್ದೆವು. ಗೋಣಿಚೀಲ ಸುತ್ತಿ ಪ್ಲಾಸ್ಟಿಕ್ ಹಗ್ಗದಿಂದ ಬಿಗಿದಿದ್ದರು. ತುದಿಗಳಿಗೆ ಮುಚ್ಚಳವಿಲ್ಲ. ಗೋಣಿ ಮಳೆಯಲ್ಲಿ ನೆನೆದು ತೊಟ್ಟಿಕ್ಕುತ್ತಿತ್ತು. ಹಮಾಲಿಯವನು ಅದನ್ನು ಗೊಬ್ಬರದ ಚೀಲವೆಂದು ತಿಳಿದು ಹೆಗಲಿಗೇರಿಸಿದ. ಮನೆಯ ಕರೆಂಟಿನ 230 ವೋಲ್ಟಿಗೆ ನಾವು ಎಷ್ಟು ಹೆದರುತ್ತೇವೆ? ಈ ಪೆಟ್ಟಿಗೆಗೆ ಫ್ಯೂಸು ಕಿತ್ತು ಆರಿಸುವ ಉಪಾಯವಿಲ್ಲ, ಸೆಲ್ಲಿನೊಳಗಿನ ವಿದ್ಯುತ್ ಯಾವಾಗಲೂ ಅಲ್ಲೇ ಇರುತ್ತದೆ. ಒಳಗಿನ ದ್ರವ ಸೋರಿದರೆ ಅದು ಕ್ಷಾರ, ಚರ್ಮ ಸುಡುತ್ತದೆ. ಆ ದಿನ ಏನೂ ಆಗಲಿಲ್ಲ. ಆಗದಿದ್ದುದು ಹಮಾಲಿಯವನ ಪುಣ್ಯ. ಅದರಲ್ಲಿ ನಮ್ಮ ಜಾಣತನವೇನೂ ಇರಲಿಲ್ಲ. ಅವನಿಗೆ ಒಂದು ಮಾತು ಮೊದಲೇ ಹೇಳಲಿಲ್ಲವಲ್ಲ ಎಂಬ ಅಳುಕು ನಮಗೆ ಈಗಲೂ ಇದೆ.

ಆ ಬ್ಯಾಟರಿ ಸೆಪ್ಟೆಂಬರಿನಲ್ಲಿ ಕೂತು ಫೆಬ್ರುವರಿಯಲ್ಲಿ, ಕಾಫಿ ಕೊಯ್ಲಿನ ಮಧ್ಯೆ, ಮಲಗಿತು. ವ್ಯಾಪಾರಿಯ ಫೋನು ಅದಕ್ಕಿಂತ ಮೊದಲೇ ಮಲಗಿತ್ತು. ಕೊನೆಗೆ ಅದೇ ಡೀಲರಲ್ಲಿ ಪೂರ್ತಿ ಹಣ ಕಟ್ಟಿ, 2025ರ ಮೇ ತಿಂಗಳಲ್ಲಿ ಹೊಸ ಬ್ಯಾಟರಿ ಹಾಕಿಸಿದರು. ಆಗ ನಿಕಲ್ ಬ್ಯಾಟರಿಗೆ ಜಿಎಸ್‌ಟಿ ಶೇಕಡಾ 28. ಲಿಥಿಯಂಗೆ 2018ರ ಜುಲೈಯಿಂದಲೇ 18 ಇತ್ತು. ಒಂದೇ ಕೆಲಸ ಮಾಡುವ ಎರಡು ಪೆಟ್ಟಿಗೆಗಳಿಗೆ ಎರಡು ತೆರಿಗೆ ಏಕೆಂದು ಏಳು ವರ್ಷ ಯಾರೂ ವಿವರಿಸಲಿಲ್ಲ. 2025ರ ಸೆಪ್ಟೆಂಬರ್ 22ರಿಂದ ಎಲ್ಲ ಬ್ಯಾಟರಿಗಳೂ 18ಕ್ಕೆ ಬಂದಿವೆ. ನಮ್ಮ ಸದಸ್ಯರು ನಾಲ್ಕು ತಿಂಗಳು ಮೊದಲೇ ಕೊಂಡರು. ಅಡಿಕೆ ಮಾರಿದ ಮರುದಿನ ದರ ಏರುವುದನ್ನು ಕಂಡು ರೂಢಿಯಾದವರಾದ್ದರಿಂದ ಅವರು ಇದಕ್ಕೆ ಹೆಚ್ಚು ನೊಂದುಕೊಳ್ಳಲಿಲ್ಲ.

ಇದು ಒಬ್ಬರ ಹಳೆಯ ಕಾರಿನ ಕಥೆ, ನಮ್ಮದು ಹೊಸದು ಎಂದು ಓದುಗರು ಪುಟ ತಿರುಗಿಸಬಾರದು. ಬಿಡದಿಯ ಕಾರ್ಖಾನೆಯಿಂದ ಬಂದ ಇನ್ನೋವಾ ಹೈಕ್ರಾಸ್, ಹೈರೈಡರ್, ಗ್ರ್ಯಾಂಡ್ ವಿಟಾರಾ ಹೈಬ್ರಿಡ್‌ಗಳು ನಮ್ಮ ರಸ್ತೆಗಳಲ್ಲಿ ಕಾಣತೊಡಗಿದ್ದು 2022ರ ಕೊನೆಯಿಂದೀಚೆಗೆ. ಇವುಗಳ ಹೈಬ್ರಿಡ್ ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿಲೋಮೀಟರ್, ಯಾವುದು ಮೊದಲೋ ಅದು, ಎಂದು ವಾರಂಟಿ. ವರ್ಷಕ್ಕೆ 20,000 ಕಿಲೋಮೀಟರ್ ಓಡಿಸುವ ಬೆಳೆಗಾರನಿಗೆ ಎರಡೂ ಒಟ್ಟಿಗೇ ಮುಗಿಯುತ್ತವೆ. 2024-25ರ ಒಳ್ಳೆಯ ದರದಲ್ಲಿ ಕೊಂಡ ಕಾರುಗಳ ವಾರಂಟಿ 2032-33ರ ಹೊತ್ತಿಗೆ, ಹೆಚ್ಚುಕಡಿಮೆ ಒಟ್ಟಿಗೆ, ಮುಗಿಯುತ್ತದೆ. ಆ ಹೊತ್ತಿಗೆ ಕಾಫಿಯ ದರ ಎಲ್ಲಿರುತ್ತದೆಂದು ಬರೆದುಕೊಡುವವರು ಯಾರಾದರೂ ಇದ್ದರೆ ಮುಂದೆ ಬರಲಿ.

ಹಿರಿಯ ಸದಸ್ಯರಿಗೆ ನೆನಪಿರುತ್ತದೆ. 1975ರ ಜುಲೈಯಲ್ಲಿ ಬ್ರೆಜಿಲ್ಲಿನ ಪರಾನಾದಲ್ಲಿ ಹಿಮ ಬಿದ್ದು ತೋಟಗಳು ಕರಕಾದಾಗ 1977ರ ಹೊತ್ತಿಗೆ ಜಗತ್ತಿನ ದರ ಆಕಾಶಕ್ಕೇರಿತು. ನಮ್ಮಲ್ಲಿ ಜೀಪು ಕೊಂಡವರು ಆಗಲೂ ಇದ್ದರು. 1989ರ ಜುಲೈಯಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ಕುಸಿದಾಗ ದರವೂ ಕುಸಿಯಿತು. 2001-02ರಲ್ಲಿ ಕೊಯ್ಲಿನ ಕೂಲಿಯೂ ಹುಟ್ಟದೆ ಹಣ್ಣನ್ನು ಗಿಡದಲ್ಲೇ ಬಿಟ್ಟವರನ್ನು ನಾವು ಬಲ್ಲೆವು. ಆ ಜೀಪುಗಳಿಗೂ ಈ ಕಾರುಗಳಿಗೂ ಒಂದು ವ್ಯತ್ಯಾಸವಿದೆ. ದರ ಬಿದ್ದ ವರ್ಷ ಜೀಪನ್ನು ಊರಿನ ಗ್ಯಾರೇಜಿನಲ್ಲಿ ತಂತಿ ಕಟ್ಟಿ ಓಡಿಸಿದೆವು. ಹೈಬ್ರಿಡ್ ಬ್ಯಾಟರಿಗೆ ತಂತಿ ಕಟ್ಟಿ ಓಡಿಸಲಾಗದು.

ಹೆದರಿಸುವುದು ನಮ್ಮ ಉದ್ದೇಶವಲ್ಲ. ಈ ಬ್ಯಾಟರಿಗಳನ್ನು ಕಾರು ಪೂರ್ತಿ ತುಂಬಲೂ ಪೂರ್ತಿ ಬರಿದಾಗಲೂ ಬಿಡದೆ ನಡುಮಟ್ಟದಲ್ಲೇ ಆಡಿಸುವುದರಿಂದ ಅವು ಬಹಳ ಕಾಲ ಬಾಳುತ್ತವೆ. ಹೊರದೇಶಗಳಲ್ಲಿ ಟ್ಯಾಕ್ಸಿಯಾಗಿ ಲಕ್ಷಾಂತರ ಕಿಲೋಮೀಟರ್ ಓಡಿದ ಹೈಬ್ರಿಡ್‌ಗಳಿವೆ. ಇನ್ನೊಂದು ಮಾತು: ದೀಪ ಹತ್ತಿತೆಂದೋ ಕಾರು ಸ್ಟಾರ್ಟ್ ಆಗಲಿಲ್ಲವೆಂದೋ ಗಾಬರಿಯಾಗುವ ಮುನ್ನ ಸಣ್ಣ ಬ್ಯಾಟರಿಯನ್ನು ನೋಡಿಸಿ. ಹೈಬ್ರಿಡ್ ಕಾರಿನಲ್ಲಿಯೂ ಸಾಮಾನ್ಯ 12 ವೋಲ್ಟಿನ ಬ್ಯಾಟರಿಯೊಂದು ಇರುತ್ತದೆ. ಮಳೆಗಾಲದಲ್ಲಿ ಮೂರು ವಾರ ಕಾರು ನಿಲ್ಲಿಸಿದರೆ ಮೊದಲು ಸಾಯುವುದು ಅದೇ. ಅದು ಸತ್ತರೆ ಇಡೀ ಕಾರು ಸತ್ತಂತೆ ಕಾಣುತ್ತದೆ. ಅದಕ್ಕೆ ಕೆಲವು ಸಾವಿರ ಸಾಕು, ಎಲ್ಲ ಊರಲ್ಲೂ ಸಿಗುತ್ತದೆ. ಇದನ್ನು ತಿಳಿಯದೆ ಲಕ್ಷಗಳ ಪೆಟ್ಟಿಗೆಗೆ ಆರ್ಡರ್ ಕೊಡಲು ಹೊರಟ ಒಬ್ಬ ಸದಸ್ಯರನ್ನು ನಮ್ಮ ಕಾರ್ಯದರ್ಶಿಗಳೇ ದಾರಿಯಲ್ಲಿ ತಡೆದರು.

ದೊಡ್ಡ ಬ್ಯಾಟರಿಯೂ ನಿಂತಲ್ಲೇ ನಿಧಾನವಾಗಿ ಇಳಿಯುತ್ತದೆ. ಕಾರನ್ನು ತಿಂಗಳುಗಟ್ಟಲೆ ಷೆಡ್ಡಿನಲ್ಲಿ ಮುಚ್ಚಿಡದೆ ಆಗಾಗ ಅರ್ಧ ಗಂಟೆಯಾದರೂ ಓಡಿಸಬೇಕು. ಅನೇಕ ಹೈಬ್ರಿಡ್‌ಗಳಲ್ಲಿ ಬ್ಯಾಟರಿಯನ್ನು ತಂಪಾಗಿಡುವ ಗಾಳಿ ಸೀಟಿನ ಬಳಿಯ ಕಿಂಡಿಯಿಂದ ಒಳಹೋಗುತ್ತದೆ. ಅಡಿಕೆ ಚೀಲ, ಕಾಫಿ ಚೀಲ ತುಂಬಿ ಆ ಕಿಂಡಿ ಮುಚ್ಚುವುದನ್ನೂ, ಚೆರಿ ಹೊಟ್ಟಿನ ಧೂಳು ಅದರೊಳಗೆ ಕೂರುವುದನ್ನೂ ನಾವು ಒಂದಕ್ಕಿಂತ ಹೆಚ್ಚು ಕಾರುಗಳಲ್ಲಿ ನೋಡಿದ್ದೇವೆ. ಬಿಸಿಯೇ ಬ್ಯಾಟರಿಯ ಶತ್ರು. ಸರ್ವಿಸಿನಲ್ಲಿ ಆ ಜಾಲರಿ ಶುಚಿ ಮಾಡಿದಿರಾ ಎಂದು ಕೇಳಿ, ಮಾಡಿದ್ದನ್ನು ತೋರಿಸಲು ಹೇಳಿ. ಇಲಿಯ ವಿಚಾರ ಬೇರೆ ಹೇಳಬೇಕಾಗಿಲ್ಲ. ಗೋದಾಮಿನ ಪಕ್ಕ ಕಾರು ನಿಲ್ಲಿಸುವವರು ಅದರ ಹಲ್ಲಿನ ರುಚಿ ಬಲ್ಲರು.

ಈಗ ಸಂಘದ ಮಾತು. ಕಳೆದ ಮಹಾಸಭೆಯಲ್ಲಿ ಇಬ್ಬರು ಸದಸ್ಯರು ಎದ್ದು, ಮೈಲುತುತ್ತವನ್ನೂ ಸ್ಪ್ರಿಂಕ್ಲರ್ ಪೈಪನ್ನೂ ಒಟ್ಟಾಗಿ ತರಿಸುವಂತೆ ಹೈಬ್ರಿಡ್ ಬ್ಯಾಟರಿಗಳನ್ನೂ ಸಂಘವೇ ತರಿಸಿ ದಾಸ್ತಾನಿಡಬೇಕೆಂದು ಸೂಚಿಸಿದರು. ಚಪ್ಪಾಳೆಯೂ ಬಿತ್ತು. ನಾವು ಈ ಸಲಹೆಯನ್ನು ಒಪ್ಪುವುದಿಲ್ಲ. ಆಡಳಿತ ಮಂಡಳಿಯಲ್ಲೇ ಒಬ್ಬಿಬ್ಬರು ನಮ್ಮೊಡನೆ ಭಿನ್ನಾಭಿಪ್ರಾಯ ಹೊಂದಿದ್ದಾರೆ ಎಂಬುದನ್ನೂ ಮುಚ್ಚಿಡುವುದಿಲ್ಲ. ಮೈಲುತುತ್ತ ಎಲ್ಲರ ತೋಟಕ್ಕೂ ಒಂದೇ. ಬ್ಯಾಟರಿ ಒಂದೊಂದು ಕಾರಿಗೆ ಒಂದೊಂದು. ಮೈಲುತುತ್ತ ಎರಡು ವರ್ಷ ಇಟ್ಟರೂ ಮೈಲುತುತ್ತವೇ. ಬ್ಯಾಟರಿ ಕಪಾಟಿನಲ್ಲೇ ಮುದಿಯಾಗುತ್ತದೆ. ಲಿಥಿಯಂ ಆದರೆ ಕಾಫಿ ಗೋದಾಮಿನಲ್ಲಿ ಅದನ್ನು ಇಡುವುದು ಬೆಂಕಿಯನ್ನು ಬಾಡಿಗೆಗೆ ಕರೆದಂತೆ, ವಿಮೆಯವರು ಒಪ್ಪಲಾರರು. ತರಿಸಿ ಮಾರಿದ ಮೇಲೆ ಹಳೆಯದನ್ನು ಹಿಂಪಡೆಯುವ ಹೊಣೆಯೂ ಕಾನೂನಿನಂತೆ ನಮ್ಮ ತಲೆಗೆ ಬರುತ್ತದೆ.

ಆದರೆ ಕೈಕಟ್ಟಿ ಕೂರಬೇಕೆಂದೂ ನಾವು ಹೇಳುವುದಿಲ್ಲ. ಒಬ್ಬೊಬ್ಬನಾಗಿ ಹೋದಾಗ ಡೀಲರು ಕಾಫಿ ಕುಡಿಸಿ ಕಳಿಸುತ್ತಾನೆ. ನೂರು ಸದಸ್ಯರ ಪರವಾಗಿ ಸಂಘದ ಪತ್ರ ಹೋದರೆ ಉತ್ತರವನ್ನಾದರೂ ಬರೆಯಬೇಕಾಗುತ್ತದೆ. ನಾವು ಕೇಳಬೇಕಾದದ್ದು ದೊಡ್ಡದೇನಲ್ಲ. ಮಾರುವ ಪ್ರತಿಯೊಂದು ಹೈಬ್ರಿಡ್ ಕಾರಿನ ಬ್ಯಾಟರಿಯ ಇಂದಿನ ಬೆಲೆಯನ್ನು, ಜೋಡಣೆಯ ಕೂಲಿ ಸಮೇತ, ಬರೆದುಕೊಡಲಿ. ಆರ್ಡರ್ ಕೊಟ್ಟ ದಿನದಿಂದ ಇಂತಿಷ್ಟು ದಿನದಲ್ಲಿ ತಲುಪಿಸುತ್ತೇವೆ, ತಪ್ಪಿದರೆ ಬದಲಿ ಕಾರು ಕೊಡುತ್ತೇವೆ ಎಂದು ಒಪ್ಪಲಿ. ಸೊರಗಿದ ಡಬ್ಬಿಗಳನ್ನಷ್ಟೇ ಬದಲಿಸಿ ಹೊಂದಿಸಿಕೊಡುವ ವ್ಯವಸ್ಥೆಯನ್ನು ರಾಜ್ಯದಲ್ಲಿ ಒಂದು ಕಡೆಯಾದರೂ ಮಾಡಲಿ. ಬೇರೆ ದೇಶದ ಗುಜರಿಯವರು ಮಾಡಬಲ್ಲ ಕೆಲಸವನ್ನು ತಯಾರಕರೇ ಮಾಡಲಾಗದೆಂದರೆ ನಂಬುವುದು ಕಷ್ಟ. ಹಳೆಯ ಬ್ಯಾಟರಿಯನ್ನು ಮನೆಯಿಂದಲೇ ಒಯ್ದು ರಸೀತಿ ಕೊಡಲಿ. ಈ ಕೊನೆಯದು ನಮ್ಮ ಬೇಡಿಕೆಯಷ್ಟೇ ಅಲ್ಲ, ಹಿಂಪಡೆಯುವ ಹೊಣೆಯನ್ನು 2022ರ ನಿಯಮವೇ ಉತ್ಪಾದಕರ ಮೇಲೆ ಹೊರಿಸಿದೆ.

ಸೆಕೆಂಡ್ ಹ್ಯಾಂಡ್ ಹೈಬ್ರಿಡ್ ಕೊಳ್ಳುವವರಿಗೆ ಒಂದು ಮಾತು. ಬ್ಯಾಟರಿಯ ಪರೀಕ್ಷೆ ಮಾಡಿಸದೆ ಮುಂಗಡ ಕೊಡಬೇಡಿ. ಪ್ರತಿ ಡಬ್ಬಿಯ ವೋಲ್ಟೇಜು ಕಂಪ್ಯೂಟರಿನಲ್ಲಿ ಸಾಲಾಗಿ ಕಾಣುತ್ತದೆ. ಏರಿನಲ್ಲಿ ಓಡಿಸಿ ನೋಡುವಾಗ ಒಂದೆರಡು ಮಾತ್ರ ಉಳಿದವಕ್ಕಿಂತ ಕೆಳಗೆ ಬೀಳುತ್ತಿದ್ದರೆ ಬೆಲೆಯಲ್ಲಿ ಹೊಸ ಬ್ಯಾಟರಿಯ ಹಣ ಕಳೆಯಿರಿ, ಇಲ್ಲವೇ ಎದ್ದು ಬನ್ನಿ. ಗುಜರಿ ಬ್ಯಾಟರಿಯನ್ನು ಅನಿವಾರ್ಯವಾಗಿ ಕೊಂಡರೂ ಬಿಲ್ಲಿಲ್ಲದೆ ಕೊಳ್ಳಬೇಡಿ, ಪಾರ್ಸಲ್ಲಿನಲ್ಲಿ ಏನಿದೆಯೆಂದು ರಸೀತಿಯಲ್ಲಿ ಸ್ಪಷ್ಟವಾಗಿ ಬರೆಸಿ, ತುದಿಗಳಿಗೆ ಮುಚ್ಚಳ ಹಾಕಿಸಿ, ಮರದ ಪೆಟ್ಟಿಗೆಯಲ್ಲಿ ಕಟ್ಟಿಸಿ. ಸರಕಿನ ಬೆಲೆ 50,000 ರೂಪಾಯಿ ದಾಟಿದರೆ ಇ-ವೇ ಬಿಲ್ಲೂ ಬೇಕು. ಜೋಡಿಸುವವನಿಗೆ ಸಾವಿರ ವೋಲ್ಟ್ ತಡೆಯುವ ರಬ್ಬರಿನ ಕೈಚೀಲ ಇದೆಯೇ, ಕಿತ್ತಳೆ ಬಣ್ಣದ ಸರ್ವಿಸ್ ಪ್ಲಗ್ ಕಿತ್ತ ಮೇಲೆ ಹತ್ತು ನಿಮಿಷ ಕಾಯುತ್ತಾನೆಯೇ ಎಂದು ನೋಡಿ. ಕಾಯದವನ ಕೈಗೆ ಕಾರು ಕೊಡಬೇಡಿ, ಅವನು ಎಷ್ಟೇ ಬೇಕಾದವನಿರಲಿ.

ಹೈಬ್ರಿಡ್ ಕಾರು ಇರುವ ಸದಸ್ಯರು ಕಾರಿನ ಮಾದರಿ, ಕೊಂಡ ತಿಂಗಳು, ವಾರಂಟಿ ಮುಗಿಯುವ ದಿನಾಂಕ ಇಷ್ಟನ್ನು ಒಂದು ಕಾರ್ಡಿನಲ್ಲಿ ಬರೆದು ಸಂಘದ ಕಚೇರಿಗೆ ಕೊಡಬೇಕಾಗಿ ಕೋರುತ್ತೇವೆ. ಮಳೆಗಾಲ ಹಿಡಿಯುವ ಮೊದಲು ಪಟ್ಟಿ ಸಿದ್ಧವಾದರೆ ಪತ್ರವನ್ನು ಅದರೊಂದಿಗೇ ಕಳಿಸಬಹುದು.

ನಮ್ಮ ಮೂಡಿಗೆರೆಯ ಸದಸ್ಯರ ಕಾರು ಈಗ ಚೆನ್ನಾಗಿ ಓಡುತ್ತಿದೆ. ತಂದೆಯವರು ಹಿಂದಿನ ಸೀಟಿನಲ್ಲಿ ಒರಗಿ ಹೋಗಿಬರುತ್ತಿದ್ದಾರೆ. ಮೊದಲ ಬ್ಯಾಟರಿಯನ್ನು ಡೀಲರು ರಸೀತಿಯಿಲ್ಲದೆ ಇಟ್ಟುಕೊಂಡ. ಗುಜರಿಯಿಂದ ಬಂದ ಎರಡನೆಯದನ್ನು ನಾವು ಮಾರಿದ್ದಲ್ಲ ಎಂದು ಮುಟ್ಟಲಿಲ್ಲ. ಅದು ಪಲ್ಪರ್ ಮನೆಯ ಮೂಲೆಯಲ್ಲಿ, ಮಕ್ಕಳು ಹತ್ತಿರ ಹೋಗದಂತೆ ಮೇಲೊಂದು ಹಲಗೆ ಮುಚ್ಚಿಕೊಂಡು ಕುಳಿತಿದೆ. ಅದನ್ನು ಎಲ್ಲಿಗೆ ಒಪ್ಪಿಸಬೇಕೆಂದು ಕೇಳಿ ಸಂಘದಿಂದ ಎರಡು ಪತ್ರ ಹೋಗಿವೆ. ಉತ್ತರ ಬಂದ ಸಂಚಿಕೆಯಲ್ಲಿ ಅದನ್ನು ಅಚ್ಚು ಹಾಕುತ್ತೇವೆ.